ಎರಡು ಲಕ್ಷದ ಕ್ಯಾಮೆರಾ ಈಗಲೇ ಬೇಡ, ಮೊದಲು ಮೀನಿನ ಹತ್ತಿರ ಹೋಗಿ

ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಎಂಟು ಡೈವ್ ಮಾಡಿದ್ದೀರಿ. ಬಾಡಿಗೆ ಗೋಪ್ರೋದಲ್ಲಿ ತೆಗೆದ ಫೋಟೋ ಎಲ್ಲ ಹಸಿರಾಗಿ ಬಂತು, ಮಿರರ್‌ಲೆಸ್ ಕ್ಯಾಮೆರಾ, ಹೌಸಿಂಗ್ (ಕ್ಯಾಮೆರಾಗೆ ನೀರು ತಾಗದಂತೆ ಕಾಯುವ ಪೆಟ್ಟಿಗೆ) ಸೇರಿ ಎರಡು ಲಕ್ಷ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬೇಡಿ, ಈಗಲೇ ಬೇಡ. ಎರಡು ಲಕ್ಷದ ಕ್ಯಾಮೆರಾ ತಂದರೂ ಅಷ್ಟು ದೂರದಿಂದ ತೆಗೆದರೆ ಅದೇ ಹಸಿರು ಬರುತ್ತದೆ.

ನೀರು ಮೊದಲು ಕೆಂಪು ಬಣ್ಣವನ್ನು ನುಂಗುತ್ತದೆ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಹೋಗಿರುತ್ತದೆ, ಆಮೇಲೆ ಕಿತ್ತಳೆ. ಕೈ ತರಚಿ ರಕ್ತ ಬಂದರೂ ಕೆಳಗೆ ಅದು ಕಪ್ಪು-ಹಸಿರಾಗಿ ಕಾಣುತ್ತದೆ. ಇದು ಆಳದ ಲೆಕ್ಕ ಮಾತ್ರ ಅಲ್ಲ. ಮೀನಿಗೂ ಲೆನ್ಸಿಗೂ ನಡುವೆ ಇರುವ ನೀರೂ ಬಣ್ಣ ತಿನ್ನುತ್ತದೆ. ನಮ್ಮ ಅರಬ್ಬಿ ಸಮುದ್ರದಲ್ಲಿ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಬೇರೆ ಜಾಸ್ತಿ. ಹಾಗಾಗಿ ಮೀನು ಕೈಗೆ ಎಟುಕುವಷ್ಟು ಹತ್ತಿರ ಇದ್ದರೆ ಮಾತ್ರ ಬಟನ್ ಒತ್ತಿ. ನೀರಿನಲ್ಲಿ ಎಲ್ಲವೂ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಹತ್ತಿರ ಬಂದೆ ಅನ್ನಿಸಿದ ಮೇಲೂ ಇನ್ನೊಂದು ಸ್ವಲ್ಪ ಮುಂದೆ ಹೋಗಬೇಕು.

ಅಷ್ಟು ಹತ್ತಿರ ಹೋಗಬೇಕಾದರೆ ಬಾಯನ್ಸಿ, ಅಂದರೆ ಮುಳುಗದೆ ಏರದೆ ನೀರಿನ ಮಧ್ಯೆ ತೇಲುವ ಹಿಡಿತ, ಕೈವಶ ಆಗಿರಬೇಕು. ಉಸಿರಿನಲ್ಲೇ ಮೇಲೆ ಕೆಳಗೆ ಆಗುತ್ತಾ, ಕೈ ಬೀಸದೆ, ಹವಳಕ್ಕೆ ಫಿನ್ ತಾಗಿಸದೆ ಒಂದು ನಿಮಿಷ ನಿಂತಲ್ಲೇ ತೇಲುವುದಕ್ಕೆ ಬರುತ್ತದಾ? ಎಂಟು ಡೈವ್‌ಗೆ ನನಗಂತೂ ಬಂದಿರಲಿಲ್ಲ. ಮಳೆಗಾಲದಲ್ಲಿ ಹೇಗೂ ನೇತ್ರಾಣಿ ಬೋಟ್ ಬಂದ್. ಆಗ ನಿಮ್ಮ ಡೈವ್ ಸೆಂಟರ್‌ನವರ ಜೊತೆ ಈಜುಕೊಳಕ್ಕೆ ಇಳಿಯಿರಿ. ತಳದಲ್ಲಿ ಮಕ್ಕಳ ಆಟಿಕೆ ಒಂದನ್ನು ಇಟ್ಟು, ನೆಲ ಮುಟ್ಟದೆ ಅದರ ಫೋಟೋ ತೆಗೆಯಿರಿ. ನೋಡಿದವರು ನಗುತ್ತಾರೆ, ನಗಲಿ ಬಿಡಿ. ಹವಳ ಹಿಡಿದುಕೊಂಡು ಫೋಟೋ ತೆಗೆಯುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಇಂಚು ಬೆಳೆಯಲು ಅದಕ್ಕೆ ವರ್ಷಗಳೇ ಬೇಕು, ಕಾನೂನಿನ ರಕ್ಷಣೆಯೂ ಇದೆ.

ಕ್ಯಾಮೆರಾ ಬೇಕೇ ಬೇಕು ಅಂದರೆ ಒಲಿಂಪಸ್ ಟಿಜಿ-6 ಅಥವಾ ಓಎಂ ಸಿಸ್ಟಮ್ ಟಿಜಿ-7 ನೋಡಿ. ಚಿಕ್ಕದು, ರಾ ಫೈಲ್ (ಆಮೇಲೆ ಬಣ್ಣ ತಿದ್ದಲು ಅನುಕೂಲವಾದ ಕಚ್ಚಾ ಫೋಟೋ) ಕೊಡುತ್ತದೆ, ಬೆರಳುದ್ದದ ನ್ಯೂಡಿಬ್ರಾಂಕ್‌ಗೆ (ಚಿಪ್ಪಿಲ್ಲದ ಸಮುದ್ರ ಹುಳು) ಅದರ ಮೈಕ್ರೋಸ್ಕೋಪ್ ಮೋಡ್ ಬಹಳ ಚೆನ್ನ. ಬರೀ ಕ್ಯಾಮೆರಾ 15 ಮೀಟರ್ ತನಕ ತಡೆಯುತ್ತದೆ. ನಿಮ್ಮ ಸರ್ಟಿಫಿಕೇಟ್ 18 ಮೀಟರ್‌ಗೆ, ಅಂದರೆ ಹೌಸಿಂಗ್ ಬೇಕೇ ಬೇಕು. ಗೋಪ್ರೋ ಸಹ ಹೌಸಿಂಗ್ ಇಲ್ಲದೆ 10 ಮೀಟರ್ ಮಾತ್ರ. ಕ್ಯಾಮೆರಾದೊಳಗಿನ ಫ್ಲ್ಯಾಶ್ ಆಫ್ ಮಾಡಿಡಿ. ಲೆನ್ಸಿನ ಪಕ್ಕದಲ್ಲೇ ಬೆಳಕು ಇದ್ದರೆ ನೀರಿನ ಕಸವೆಲ್ಲ ಹೊಳೆದು ಫೋಟೋದಲ್ಲಿ ಹಿಟ್ಟು ಚೆಲ್ಲಿದ ಹಾಗೆ ಬರುತ್ತದೆ. ಉಳಿದ ದುಡ್ಡಿಗೆ ಒಳ್ಳೆ ವಿಡಿಯೋ ಟಾರ್ಚ್ ತಗೊಂಡು, ತೋಳು ಹಾಕಿ ಪಕ್ಕಕ್ಕೆ ಚಾಚಿ, ಸ್ವಲ್ಪ ಹೊರಕ್ಕೆ ತಿರುಗಿಸಿ. ಹೋದ ಕೆಂಪು ಹತ್ತಿರದ ಮೀನಿನ ಮೇಲೆ ವಾಪಸ್ ಬರುತ್ತದೆ.

ಇನ್ನು ಓ-ರಿಂಗ್, ಅಂದರೆ ಹೌಸಿಂಗ್ ಬಾಗಿಲಿನಿಂದ ನೀರು ನುಗ್ಗದಂತೆ ತಡೆಯುವ ರಬ್ಬರ್ ಬಳೆ. ನನ್ನ ಮೊದಲ ಕ್ಯಾಮೆರಾ ಹೋಗಿದ್ದು ಅದರ ಮೇಲೆ ಕೂತ ಒಂದು ಕೂದಲಿನಿಂದ. ಬೋಟ್‌ನಲ್ಲಿ ಬ್ಯಾಟರಿ ಬದಲಿಸಿ ಅವಸರದಲ್ಲಿ ಮುಚ್ಚಿದ್ದೆ. ಹನ್ನೆರಡು ಮೀಟರ್‌ನಲ್ಲಿ ಹೌಸಿಂಗ್ ಮೂಲೆಯಿಂದ ಸಣ್ಣ ಗುಳ್ಳೆಗಳ ಸಾಲು ಹೊರಟಿತು, ನೋಡನೋಡುತ್ತಾ ಒಳಗೆ ಅರ್ಧ ಲೋಟ ನೀರು. ಅಂಥ ಹೊತ್ತಿನಲ್ಲಿ ಕ್ಯಾಮೆರಾ ಉಳಿಸಲು ಸರ್ರನೆ ಮೇಲೆ ಹೋಗಬೇಡಿ. ಬಡ್ಡಿಗೆ (ಜೊತೆಗೆ ಡೈವ್ ಮಾಡುವ ಸಂಗಾತಿಗೆ) ಸನ್ನೆ ಮಾಡಿ, ಎಂದಿನ ನಿಧಾನದಲ್ಲೇ ಏರಿ, ಸೇಫ್ಟಿ ಸ್ಟಾಪ್ (ಪೂರ್ತಿ ಮೇಲೆ ಬರುವ ಮುನ್ನ ಸ್ವಲ್ಪ ಹೊತ್ತು ನಿಲ್ಲುವುದು) ಮಾಡಿಯೇ ಬನ್ನಿ. ಕ್ಯಾಮೆರಾ ಹೋದರೆ ಹೋಗಲಿ.

ಈಗ ನಾನು ಹಿಂದಿನ ರಾತ್ರಿಯೇ ಮುರುಡೇಶ್ವರದ ರೂಮಿನಲ್ಲಿ ಎಸಿ ಹಾಕಿ ಕೂತು ಹೌಸಿಂಗ್ ಮುಚ್ಚುತ್ತೇನೆ. ಬಂದರಿನ ಸೆಕೆ ಗಾಳಿ ಒಳಗೆ ಸೇರಿದರೆ ನೀರಿನಲ್ಲಿ ಗಾಜಿಗೆ ಮಂಜು ಹಿಡಿಯುತ್ತದೆ, ಹಾಗಾಗಿ ಸಿಲಿಕಾ ಜೆಲ್ ಪೊಟ್ಟಣವನ್ನೂ ಇಡುತ್ತೇನೆ. ಓ-ರಿಂಗ್ ಅನ್ನು ಬೆರಳಲ್ಲಿ ಹಿಂಡಿ ಎಬ್ಬಿಸಿ, ಪಿನ್ನು ಗಿನ್ನು ಹಾಕಬೇಡಿ. ಎರಡು ಬೆರಳಿನ ನಡುವೆ ಸುತ್ತ ಎಳೆದರೆ ಒಂದು ಕಾಳು ಮರಳಿದ್ದರೂ ಗೊತ್ತಾಗುತ್ತದೆ. ಗ್ರೀಸ್ ಬರೀ ಮಿರುಗುವಷ್ಟು ಸಾಕು, ಜಾಸ್ತಿಯಾದರೆ ಅದೇ ಧೂಳು ಹಿಡಿಯುತ್ತದೆ. ಹೌಸಿಂಗ್ ಕಂಪನಿಯದ್ದೇ ಗ್ರೀಸ್ ಬಳಸಿ, ಬೇರೆಯದರಿಂದ ಕೆಲವು ರಿಂಗ್ ಊದಿಕೊಳ್ಳುತ್ತವೆ. ಹೊಸ ಹೌಸಿಂಗ್ ಆದರೆ ಮೊದಲ ಡೈವ್‌ಗೆ ಕ್ಯಾಮೆರಾ ಇಲ್ಲದೆ, ನೀರು ಸೋರಿದರೆ ಗೊತ್ತಾಗಲು ಒಳಗೆ ಟಿಶ್ಯೂ ಇಟ್ಟು ಒಯ್ಯಿರಿ. ಖಾಲಿ ಹೌಸಿಂಗ್ ಮೇಲಕ್ಕೆ ಎಳೆಯುತ್ತದೆ, ಗಟ್ಟಿಯಾಗಿ ಕಟ್ಟಿಕೊಳ್ಳಿ.

ನೀರಿಗೆ ಹಾರುವಾಗ ಕ್ಯಾಮೆರಾ ಕೈಯಲ್ಲಿ ಬೇಡ, ಆಮೇಲೆ ಬೋಟ್‌ನವರ ಕೈಯಿಂದ ಇಸ್ಕೊಳ್ಳಿ. ಕೆಳಗೆ ಮೂರ್ನಾಲ್ಕು ಫೋಟೋಗೆ ಒಮ್ಮೆ ಗೇಜ್ (ಸಿಲಿಂಡರ್‌ನಲ್ಲಿ ಉಳಿದ ಗಾಳಿ ತೋರಿಸುವ ಮೀಟರ್) ನೋಡುವ ಅಭ್ಯಾಸ ಮಾಡಿಕೊಳ್ಳಿ. ಲಯನ್ ಫಿಶ್ ಹಿಂದೆ ಬಿದ್ದರೆ ಗಾಳಿಯೂ ನೆನಪಿರುವುದಿಲ್ಲ, ಬಡ್ಡಿಯೂ ನೆನಪಿರುವುದಿಲ್ಲ. ವಾಪಸ್ ಬಂದ ಮೇಲೆ ಹೌಸಿಂಗ್ ತೆರೆಯದೆ ಸಿಹಿನೀರಿನ ಬಕೆಟ್‌ನಲ್ಲಿ ಅರ್ಧ ಗಂಟೆ ಮುಳುಗಿಸಿ, ನೀರೊಳಗೇ ಎಲ್ಲ ಬಟನ್ ಒತ್ತಿ ಒತ್ತಿ ಉಪ್ಪು ಬಿಡಿಸಿ.

ಟಿಜಿ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಪರವಾಗಿಲ್ಲ. ಹೌಸಿಂಗ್ ಮಾತ್ರ ಹೊಸದೇ ತಗೊಳ್ಳಿ, ಜೊತೆಗೆ ಒಂದು ಸ್ಪೇರ್ ಓ-ರಿಂಗ್. ಮುಂದಿನ ಸೀಸನ್ ಫೋಟೋ ಇಲ್ಲಿ ಹಾಕಿ, ಹಸಿರಾಗಿದ್ದರೂ ಹಾಕಿ, ನೋಡೋಣ.