ಕಷಾಯ ಕುಡಿದ ಮೇಲೆ ನೆಗಡಿ ಹೋಯಿತು. ಇದು ಪುರಾವೆ ಯಾಕಲ್ಲ?

ಕುಡಿಯದಿದ್ದರೆ ಏನಾಗುತ್ತಿತ್ತು ಎಂದು ತಿಳಿಯುವ ದಾರಿ ನಿಮಗಿಲ್ಲ, ಅದಕ್ಕೇ. ಸಾಮಾನ್ಯ ನೆಗಡಿ ಎರಡು-ಮೂರನೇ ದಿನ ಜೋರಾಗಿ, 7ರಿಂದ 10 ದಿನಗಳಲ್ಲಿ ಹೆಚ್ಚಾಗಿ ತಾನಾಗಿಯೇ ಇಳಿಯುತ್ತದೆ. ನಾವು ಶುಂಠಿ, ಮೆಣಸು ಕುದಿಯಲು ಇಡುವುದು ಮೂಗು ಪೂರ್ತಿ ಕಟ್ಟಿದ ಮೇಲೆಯೇ, ಅಂದರೆ ಅದು ಹೇಗೂ ಇಳಿಯುವ ಹೊತ್ತಿಗೆ. ಆ ದಿನ ಏನು ಕುಡಿದರೂ, ಬರೀ ಮಜ್ಜಿಗೆಯಾದರೂ, ಹೆಸರು ಅದಕ್ಕೇ ಬರುತ್ತದೆ.

ಪ್ರಯೋಗದಲ್ಲಾದರೆ ನೂರಾರು ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡುತ್ತಾರೆ. ಒಂದಕ್ಕೆ ಮದ್ದು, ಇನ್ನೊಂದಕ್ಕೆ ಅದೇ ರುಚಿಯ, ಮದ್ದಿಲ್ಲದ ನೀರು. ಯಾರದು ಯಾವುದೆಂದು ಕುಡಿಯುವವರಿಗೂ ಕೊಡುವವರಿಗೂ ಗೊತ್ತಿರುವುದಿಲ್ಲ. ಮನೆಯಲ್ಲಿ ನಿಮಗಿರುವುದು ಒಂದೇ ಮೂಗು! ಬಿಸಿಗೆ ಗಂಟಲು ಹಿತವಾಗುವುದು ನಿಜ, ಧಾರಾಳವಾಗಿ ಕುಡಿಯಿರಿ. ನೆಗಡಿ ಅದರಿಂದಲೇ ಬೇಗ ಹೋಯಿತು ಎನ್ನಲು ಮಾತ್ರ ಬರುವುದಿಲ್ಲ.