ಮಾತ್ರೆ ನಿಲ್ಲಿಸಿದ ಮೇಲಿನ ತಲೆಸುತ್ತು, ಎದೆಬಡಿತಕ್ಕೆ ಆಟೋಇಮ್ಯೂನ್ ಕಾರಣ ಇರಬಹುದೇ?

ಖಿನ್ನತೆಯ ಮಾತ್ರೆ ಬಿಟ್ಟ ಮೇಲೆ ಎದ್ದು ನಿಂತರೆ ತಲೆ ಸುತ್ತಿ ಎದೆ ಹೊಡೆದುಕೊಳ್ಳುವುದು ಆಟೋಇಮ್ಯೂನ್ ಕಾಯಿಲೆಯೇ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ದಾಳಿ ಮಾಡುವ ಕಾಯಿಲೆ) ಎಂದು ಕೇಳಿದ್ದೀರಿ. ಇರಬಹುದು, ಆದರೆ ಮೊದಲು ಗಮನಿಸಬೇಕಾದದ್ದು ತೊಂದರೆ ಯಾವಾಗ ಶುರುವಾಯಿತು ಎಂಬುದನ್ನು. ಎಸ್‌ಎಸ್‌ಆರ್‌ಐ (ಖಿನ್ನತೆಗೆ ಹೆಚ್ಚಾಗಿ ಕೊಡುವ ಒಂದು ಬಗೆಯ) ಮಾತ್ರೆ ಬಿಟ್ಟಾಗಿನ ತಲೆಸುತ್ತು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಕಾಣಿಸಿಕೊಂಡು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಗ್ಗುತ್ತದೆ, ಕೆಲವರಲ್ಲಿ ಮಾತ್ರ ತಿಂಗಳುಗಟ್ಟಲೆ ಎಳೆಯುತ್ತದೆ. ರಕ್ತದೊತ್ತಡ ಇಳಿಸುವ ಕ್ಲೋನಿಡಿನ್ ಅಥವಾ ಪ್ರೊಪ್ರಾನೊಲಾಲ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರಂತೂ ರಕ್ತದೊತ್ತಡ, ನಾಡಿಬಡಿತ ಅಪಾಯಕಾರಿಯಾಗಿ ಏರಬಹುದು.

ಆಟೋಇಮ್ಯೂನ್ ಗ್ಯಾಂಗ್ಲಿಯೊನೋಪತಿ ಅಪರೂಪದ ಕಾಯಿಲೆ. ಇದರಲ್ಲಿ ದೇಹದ ಪ್ರತಿಕಾಯಗಳು ರಕ್ತದೊತ್ತಡ, ಬೆವರು ಮುಂತಾದವನ್ನು ತಾನಾಗಿಯೇ ನಿಯಂತ್ರಿಸುವ (ಸ್ವನಿಯಂತ್ರಿತ) ನರಗಳ ಗಂಟುಗಳಲ್ಲಿ ಸಂದೇಶ ಪಡೆಯುವ ಅಸಿಟೈಲ್‌ಕೋಲಿನ್ ಗ್ರಾಹಕಗಳಿಗೆ ಅಂಟಿಕೊಂಡು ಸಂದೇಶ ಸಾಗದಂತೆ ತಡೆಯುವುದರಿಂದ, ನಿಂತಾಗ ರಕ್ತದೊತ್ತಡ ಕುಸಿಯುವುದರ ಜೊತೆಗೆ ಬಾಯಿ ಮತ್ತು ಕಣ್ಣು ಒಣಗುವುದು, ಬೆವರು ನಿಲ್ಲುವುದು, ಮಲಬದ್ಧತೆ, ಮೂತ್ರ ಕಟ್ಟುವುದು ಮುಂತಾದವು ಹೆಚ್ಚಾಗಿ ಒಟ್ಟಿಗೆ ಬರುತ್ತವೆ. ಈ ಪ್ರತಿಕಾಯ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಸಿಗುತ್ತದೆ. ಅಲ್ಪ ಪ್ರಮಾಣದಲ್ಲಿ ಸಿಕ್ಕರೆ ಅದೊಂದರಿಂದಲೇ ನಿರ್ಧಾರಕ್ಕೆ ಬರಲಾಗದು. ಬಾಯಿ, ಕಣ್ಣು ಒಣಗಿಸುವ ಇನ್ನೊಂದು ಆಟೋಇಮ್ಯೂನ್ ಕಾಯಿಲೆಯಾದ ಶೋಗ್ರೆನ್ ಕೂಡ ಇಂಥದೇ ತೊಂದರೆ ಕೊಡಬಲ್ಲದು.

ಮಲಗಿದ್ದಾಗ ಮತ್ತು ನಿಂತು 3 ನಿಮಿಷದೊಳಗೆ ರಕ್ತದೊತ್ತಡ ಅಳೆಯಿಸಿ: ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ನರರೋಗ ತಜ್ಞರನ್ನು ಕಾಣಿ. ಒತ್ತಡ ಇಳಿಯದೆ, ವಯಸ್ಕರಲ್ಲಿ 10 ನಿಮಿಷದೊಳಗೆ ನಾಡಿ ನಿಮಿಷಕ್ಕೆ 30 ಅಥವಾ ಹೆಚ್ಚು ಬಡಿತ ಏರಿದರೆ ಅದು ಪಾಟ್ಸ್ (ನಿಂತಾಗ ನಾಡಿ ವಿಪರೀತ ಏರುವ ತೊಂದರೆ) ಇರಬಹುದು. ಪರೀಕ್ಷೆಗೆಂದು ಬೇರಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.