ಕೆಂಡದ ಮೇಲೆ ಹಣ್ಣು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎರಡು ಮೂರು ಮನೆಯವರು ಸೇರಿ ಶಿರಸಿ ಕಡೆ ಪರಿಚಯದವರ ತೋಟದಲ್ಲಿ ಟೆಂಟ್ ಹಾಕುವವರಿದ್ದೇವೆ. ರಾತ್ರಿ ಬೆಂಕಿ ಹಾಕಿದಾಗ ಮಕ್ಕಳಿಗೆ ಹಣ್ಣಿನದ್ದೇ ಏನಾದರೂ ಸಿಹಿ ಮಾಡಿಕೊಡಬೇಕು. ಬಾಳೆಹಣ್ಣು ಸುಟ್ಟರೆ ಹೊರಗೆ ಕರಕಲು, ಒಳಗೆ ಬಿಸಿಯೇ ಆಗಿರುವುದಿಲ್ಲ. ಏನು ಮಾಡೋದು?
– ಓದುಗರು, ಕಾರವಾರ

ಉತ್ತರ: ಉರಿಯಲ್ಲಿ ಸುಡಬೇಡಿ. ಹಣ್ಣಿಗೆ ಕೆಂಡ ಬೇಕು. ಕಟ್ಟಿಗೆ ಪೂರ್ತಿ ಉರಿದು ಮೇಲೆ ತೆಳ್ಳಗೆ ಬೂದಿ ಕಟ್ಟುವ ತನಕ ಕಾಯಿರಿ, ಮುಕ್ಕಾಲು ಗಂಟೆ ಹಿಡಿದರೂ ಹಿಡಿಯಲಿ, ಅಷ್ಟರಲ್ಲಿ ಊಟ ಮುಗಿಸಿಕೊಳ್ಳಬಹುದು ಅಲ್ವಾ? ಆಮೇಲೆ ಕೆಂಡವನ್ನು ಪಕ್ಕಕ್ಕೆ ಎಳೆದು ಹರಡಿ. ಒಂದು ಗೇಣು ಮೇಲೆ ಅಂಗೈ ಹಿಡಿದು ನೋಡಿ. ನಾಲ್ಕೈದು ಎಣಿಸುವಷ್ಟು ಹೊತ್ತು ತಡೆಯಲು ಆದರೆ ಕಾವು ಸರಿಯಾಗಿದೆ. ತೆಂಗಿನ ಗರಟೆ ಸಿಕ್ಕರೆ ಬಿಡಬೇಡಿ, ಅದರ ಕೆಂಡ ಬಹಳ ಚೆನ್ನಾಗಿರುತ್ತದೆ.

ಹಣ್ಣು ಗಟ್ಟಿ ಇರಲಿ. ನೇಂದ್ರ ಒಳ್ಳೆಯದು, ಕಳಿತ ಹಣ್ಣು ಮುದ್ದೆಯಾಗುತ್ತದೆ. ಸಿಪ್ಪೆ ತೆಗೆಯದೆ ಉದ್ದಕ್ಕೆ ಒಂದೇ ಸೀಳು ಹಾಕಿ, ತಳದ ಸಿಪ್ಪೆಗೆ ಚಾಕು ತಾಗದ ಹಾಗೆ. ಸೀಳು ಮೇಲೆ ಮಾಡಿ ಕೆಂಡದ ಮೇಲಿಡಿ. ಸಿಪ್ಪೆ ಕಪ್ಪಾಗಲಿ, ಹೆದರಬೇಡಿ. ಸೀಳಿನ ಅಂಚಲ್ಲಿ ರಸ ಸಣ್ಣಗೆ ಗುಳ್ಳೆ ಕಟ್ಟಿ ಕುದಿಯಲು ಶುರುವಾದಾಗ ಒಂದು ಚಮಚ ಜೋನಿಬೆಲ್ಲ, ಕಾಯಿತುರಿ, ಚೂರು ಏಲಕ್ಕಿ ಪುಡಿ ಹಾಕಿ. ಬೆಲ್ಲವನ್ನು ಮೊದಲೇ ಹಾಕಿದರೆ ಹರಿದು ಕೆಂಡಕ್ಕೆ ಬಿದ್ದು ಸೀದು ಹೋಗುತ್ತದೆ, ಆ ಕಹಿ ವಾಸನೆ ಹಣ್ಣಿಗೂ ಹಿಡಿಯುತ್ತದೆ. ಮತ್ತೆರಡು ನಿಮಿಷ ಬಿಟ್ಟು ಇಳಿಸಿ, ಸಿಪ್ಪೆಯನ್ನೇ ದೊನ್ನೆ ಮಾಡಿಕೊಂಡು ಚಮಚದಲ್ಲಿ ತಿನ್ನಿ. ಮಕ್ಕಳಿಗೆ ಕೊಡುವ ಮುಂಚೆ ಸ್ವಲ್ಪ ಆರಿಸಿ, ಬೆಲ್ಲದ ಬಿಸಿ ನಾಲಿಗೆಗೆ ಅಂಟಿಕೊಳ್ಳುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ತೋಟದ ಅಂಗಳದಲ್ಲೇ ಬೆಂಕಿ ಹಾಕಿ, ಕಾಡಿನ ಒಳಗೆ ಬೇಡ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ, ಬೇಸಿಗೆಯಲ್ಲಂತೂ ಒಣ ತರಗೆಲೆಗೆ ಒಂದು ಕಿಡಿ ಸಾಕು. ಹಣ್ಣು ಚುಚ್ಚಲು ಸಿಕ್ಕ ಸಿಕ್ಕ ಗಿಡದ ಕಡ್ಡಿಯನ್ನೂ ಮುರಿಯಬೇಡಿ. ಕಣಗಿಲೆಯ ಕಡ್ಡಿಯಲ್ಲೂ ವಿಷ ಇದೆ. ಮನೆಯಿಂದ ಸರಳು ತನ್ನಿ.

ಪ್ರಶ್ನೆ: ಅನಾನಸನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಸುಡಬಹುದಾ?
– ಓದುಗರು, ಕುಮಟಾ

ಉತ್ತರ: ಬೇಡ. ಅನಾನಸಿನ ಹುಳಿ ಫಾಯಿಲ್ಲನ್ನು ತಿನ್ನುತ್ತದೆ, ಲೋಹದ ರುಚಿ ಬರುತ್ತದೆ. ಬಾಳೆ ಎಲೆ ಇರುವ ಊರಲ್ಲಿ ಫಾಯಿಲ್ ಯಾಕೆ? ಎಲೆಯನ್ನು ಮೊದಲು ಬೆಂಕಿಗೆ ಹಿಡಿದು ಬಾಡಿಸಿ, ಇಲ್ಲದಿದ್ದರೆ ಮಡಚುವಾಗ ಸೀಳುತ್ತದೆ. ಎರಡು ಮೂರು ಸುತ್ತು ಸುತ್ತಿ. ಹೊರಗಿನ ಎಲೆ ಸುಟ್ಟರೂ ಒಳಗಿನದು ಹಸಿರಾಗೇ ಇದ್ದು ಹಣ್ಣು ಅದರ ಹಬೆಯಲ್ಲೇ ಬೇಯುತ್ತದೆ.

ನನ್ನನ್ನು ಕೇಳಿದರೆ ಅನಾನಸಿಗೆ ಕಬ್ಬಿಣದ ಕಾವಲಿಯೇ ಚೆಂದ. ಬನವಾಸಿ ಕಡೆಯ ಹಣ್ಣು ಸಿಕ್ಕರೆ ಬೆರಳು ದಪ್ಪ ಹೋಳು ಮಾಡಿ, ತುಪ್ಪ ಸವರಿ ಎರಡೂ ಕಡೆ ಕೆಂಪಗೆ ಮಾಡಿಕೊಳ್ಳಿ. ಕೊನೆಗೆ ಬೆಲ್ಲದ ಪುಡಿ, ಕುಟ್ಟಿದ ಕಾಳುಮೆಣಸು. ಹಾಲಿನ ಕೆನೆ ಹಾಕುವುದಿದ್ದರೆ ಚೆನ್ನಾಗಿ ಬೆಂದ ಮೇಲೆಯೇ ಹಾಕಿ. ಹಸಿ ಅನಾನಸು ಹಾಲನ್ನು ಕಹಿ ಮಾಡುತ್ತದೆ.

ಪ್ರಶ್ನೆ: ಮೇ ತಿಂಗಳಲ್ಲಿ ಸಮುದ್ರದ ದಂಡೆಯಲ್ಲಿ ಕರಿ ಇಶಾಡ ಮಾವಿನಹಣ್ಣು ಸುಟ್ಟು ತಿಂದರೆ ಹೇಗೆ? ಬೆಂಕಿ ಆರಿಸಲು ಮರಳು ಮುಚ್ಚಿದರೆ ಸಾಕಾ?
– ಓದುಗರು, ಅಂಕೋಲಾ

ಉತ್ತರ: ದಯವಿಟ್ಟು ಇಶಾಡ ಸುಡಬೇಡಿ! 2023ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಸಿಕ್ಕ ನಿಮ್ಮದೇ ಊರಿನ ಹಣ್ಣು ಅದು. ಅಷ್ಟು ಮೆತ್ತಗಿನ, ರಸದ ಹಣ್ಣನ್ನು ಕೆಂಡಕ್ಕೆ ಇಟ್ಟರೆ ಪರಿಮಳವೂ ಹೋಯಿತು, ರಸವೂ ಹೋಯಿತು. ಸುಟ್ಟ ಬಾಳೆಹಣ್ಣಿನ ಮೇಲೆ ಇಶಾಡದ ರಸ ಹಿಂಡಿ ತಿಂದು ನೋಡಿ.

ಮರಳು ಮುಚ್ಚಿದರೆ ಸಾಲದು. ಅಡಿಯಲ್ಲಿ ಕೆಂಡ ಗಂಟೆಗಟ್ಟಲೆ ಬಿಸಿ ಇರುತ್ತದೆ, ಮೇಲಿಂದ ಏನೂ ಕಾಣುವುದಿಲ್ಲ, ಬೆಳಿಗ್ಗೆ ಬರಿಗಾಲಲ್ಲಿ ಬಂದ ಮಗು ಅದರ ಮೇಲೇ ಕಾಲಿಡಬಹುದು. ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿಯಿರಿ. ಹಬೆ ಪೂರ್ತಿ ನಿಂತ ಮೇಲೆಯೇ ಅಲ್ಲಿಂದ ಏಳಿ.